ಬೈಕಿಗೂ ಮೊಣಕಾಲು ನೋವು

ನಮ್ಮೂರು ಮಧುರೆ. ಹಾಗೆಂದ ಕೂಡಲೇ ಬೆಂಗಳೂರಿನ ಕೆಲವರು "ಮೀನಾಕ್ಷಿ ದೇವಸ್ಥಾನದ ಹತ್ತಿರಾನಾ?" ಎಂದು ಕೇಳುತ್ತಾರೆ. ಇನ್ನು ಕೆಲವರು "ಕೃಷ್ಣ ಹುಟ್ಟಿದ ಊರಲ್ವಾ?" ಎನ್ನುತ್ತಾರೆ. ಎರಡೂ ಅಲ್ಲ ಸ್ವಾಮಿ, ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಹೋಬಳಿ. ಪಕ್ಕದ ಕನಸವಾಡಿಯ ಶನಿಮಹಾತ್ಮನ ಹೆಸರು ಹೇಳಿದರೆ ಮಾತ್ರ "ಓ, ಆ ಮಧುರೆಯಾ!" ಎಂದು ತಲೆಯಾಡಿಸುತ್ತಾರೆ. ಶನಿವಾರ ಬಂತೆಂದರೆ ಬಸ್ಸು, ಕಾರು, ಬೈಕುಗಳಲ್ಲಿ ಬಂದು ಎಳ್ಳೆಣ್ಣೆ ದೀಪ ಹಚ್ಚುವವರಿಂದ ನಮ್ಮ ದಾರಿ ತುಂಬಿಹೋಗುತ್ತದೆ. ಉಳಿದ ಆರು ದಿನ ಆ ದಾರಿ ರಾಗಿ ಹೊಲದವರದ್ದು, ಹಾಲಿನ ಕ್ಯಾನಿನವರದ್ದು, ನನ್ನಂಥ ಅಲೆಮಾರಿಗಳದ್ದು.

ಅಲೆಮಾರಿ ಎಂದೆನಲ್ಲ, ಅದು ನನ್ನ ಉದ್ಯೋಗ. ಹಳ್ಳಿಯಿಂದ ಹಳ್ಳಿಗೆ ಹೋಗಿ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ನನ್ನ ಕೆಲಸ. ಬೆಳಿಗ್ಗೆ ಆರಕ್ಕೆ ಫೋನು ಶುರುವಾಗುತ್ತದೆ. "ಸಾರ್, ಹಸು ರಾತ್ರಿಯಿಂದ ಕೂಗ್ತಾ ಇದೆ, ಬೇಗ ಬನ್ನಿ." ಹಸು ಬೆದೆಗೆ ಬಂದಾಗ ಹೊತ್ತು ಮೀರುವಂತಿಲ್ಲ. ಈ ಸಲ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಅಷ್ಟು ದಿನದ ಮೇವು ಮನೆಯವರಿಗೆ ದಂಡ. ಹಾಗಾಗಿ ನನ್ನ ಬೈಕಿನ ಹಿಂದೆ ಸದಾ ಒಂದು ಪುಟ್ಟ ಲೋಹದ ಡಬ್ಬಿ ಕಟ್ಟಿರುತ್ತದೆ. ಒಳಗೆ ದ್ರವ ಸಾರಜನಕ. ಅದರ ಶೀತ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ತಳಿ ಸಂವರ್ಧನೆಯ ನಳಿಕೆಗಳು ಕೆಡದೆ ಉಳಿಯುವುದು ಆ ಚಳಿಯಲ್ಲಿಯೇ. ಡಬ್ಬಿಯ ಬಾಯನ್ನು ಬಿಗಿಯಾಗಿ ಮುಚ್ಚುವಂತಿಲ್ಲ. ಆವಿ ಹೊರಹೋಗಲು ದಾರಿ ಬೇಕು. ಆದ್ದರಿಂದ ಕುಲುಕಾಟ ಹೆಚ್ಚಾದರೆ ಒಳಗಿನದು ಚೆಲ್ಲುತ್ತದೆ. ಜೊತೆಗೆ ಔಷಧದ ಚೀಲ, ಗಮ್‌ಬೂಟು, ಸಂಜೆ ಹೊತ್ತು ಶಾಲೆಯಿಂದ ಕರೆತರುವ ಮಗಳು. ಇಷ್ಟೆಲ್ಲ ಹೊತ್ತು ನನ್ನ ಇನ್ನೂರು ಸಿಸಿಯ ಬೈಕು ಎಂಟು ವರ್ಷ ದುಡಿದಿತ್ತು.

ಒಂಬತ್ತನೆಯ ವರ್ಷಕ್ಕೆ ಅದಕ್ಕೆ ಮೊಣಕಾಲು ನೋವು ಬಂತು.

ಹೌದು, ಮೊಣಕಾಲೇ. ಮುಂದಿನ ಚಕ್ರದ ಎರಡೂ ಪಕ್ಕ ಹೊಳೆಯುವ ಕೊಳವೆಗಳಿವೆಯಲ್ಲ, ಅವನ್ನು ಫೋರ್ಕ್ ಎನ್ನುತ್ತಾರೆ. ನೀವು ಜಗಲಿಯಿಂದ ಕೆಳಗೆ ಹಾರಿದಾಗ ಮೊಣಕಾಲು ಮಡಚಿ ಪೆಟ್ಟು ತಗ್ಗಿಸಿಕೊಳ್ಳುತ್ತೀರಿ. ಕಾಲು ನೆಟ್ಟಗೆ ಇಟ್ಟು ಹಾರಿದರೆ ಪೆಟ್ಟು ನೆತ್ತಿಗೇ ಹೊಡೆಯುತ್ತದೆ. ಬೈಕಿನ ಮುಂಭಾಗದಲ್ಲಿ ಆ ಕೆಲಸ ಮಾಡುವುದು ಫೋರ್ಕು. ನನ್ನ ಬೈಕಿನದು ಮಡಚಿದ ಮೇಲೆ ಸರಿಯಾಗಿ ಏಳುತ್ತಿರಲಿಲ್ಲ. ಎದ್ದರೆ ಎರಡು ಮೂರು ಸಲ ಕುಣಿಯುತ್ತಿತ್ತು. ಬ್ರೇಕ್ ಹಿಡಿದರೆ ನಮಸ್ಕಾರ ಮಾಡುವವರ ಹಾಗೆ ಮೂತಿ ನೆಲಕ್ಕೆ ಬಾಗುತ್ತಿತ್ತು. ಊರಿನ ಮೆಕ್ಯಾನಿಕ್ ಎರಡು ಸಲ ಆಯಿಲ್ ಸೀಲು ಬದಲಿಸಿದ. ಎಣ್ಣೆ ಸೋರುವುದು ನಿಂತಿತು, ನಮಸ್ಕಾರ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಹಳ್ಳಿಯೊಂದರ ಬೀದಿಯಲ್ಲಿ ನಿಧಾನವಾಗಿಯೇ ಬರುತ್ತಿದ್ದೆ. ಹುಲ್ಲಿನ ಬಣವೆಯ ಮರೆಯಿಂದ ಒಂದು ಚೆಂಡು, ಅದರ ಹಿಂದೆ ನಾಲ್ಕು ವರ್ಷದ ಒಂದು ಮಗು. ಎರಡೂ ಬ್ರೇಕು ಹಿಡಿದೆ. ಮುಂದಿನ ಫೋರ್ಕು ಪೂರ್ತಿ ಕುಸಿದು ತಳಕ್ಕೆ ಬಡಿದ ಸದ್ದು ಕೇಳಿಸಿತು. ಅಲ್ಲೇ ರಸ್ತೆಗೆ ಅಡ್ಡವಾಗಿ ನೀರಿನ ಪೈಪು ಹಾಕಿ ಮುಚ್ಚಿದ್ದ ಗುಡ್ಡೆ ಇತ್ತು. ಕುಸಿದ ಫೋರ್ಕಿಗೆ ಇನ್ನು ಮಡಚಲು ಜಾಗವೇ ಇಲ್ಲ. ಚಕ್ರ ಗುಡ್ಡೆಗೆ ಬಡಿದು ನೆಲ ಬಿಟ್ಟಿತು, ಒಂದು ಕ್ಷಣ ಬ್ರೇಕು ಯಾವುದಕ್ಕೂ ಹಿಡಿಯಲಿಲ್ಲ. ಬೈಕು ನಿಂತಾಗ ಮಗುವಿಗೂ ಚಕ್ರಕ್ಕೂ ನಡುವೆ ಒಂದು ಮೊಳ. ಮಗು ಚೆಂಡು ಎತ್ತಿಕೊಂಡು ನನ್ನನ್ನು ನೋಡಿ ನಕ್ಕು ಓಡಿಹೋಯಿತು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಆ ಮನೆಯ ಅಜ್ಜಿ ನೀರು ತಂದುಕೊಟ್ಟಾಗ ಲೋಟ ಹಿಡಿಯಲು ಎರಡು ಕೈ ಬೇಕಾದವು.

ರಾತ್ರಿ ಮನೆಯಲ್ಲಿ ವಿಷಯ ಹೇಳಿದೆ. ಹೆಂಡತಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನು ಆ ಗಾಡಿಯಲ್ಲಿ ಮಗಳನ್ನು ಕೂರಿಸಬೇಡಿ. ಸರಿಮಾಡಿಸಿ, ಇಲ್ಲ ಮಾರಿ" ಎಂದಳು. ಹೊಸ ಬೈಕಿಗೆ ಲಕ್ಷದ ಮೇಲೆ ಬೇಕು. ಹಸುವಿನ ಸಾಲ ಇನ್ನೂ ಒಂದು ವರ್ಷ ಇದೆ. ಎಂಜಿನ್ನೋ ಇನ್ನೂ ಹತ್ತು ವರ್ಷ ಓಡುವಂತಿದೆ. ಆಗ ಸ್ನೇಹಿತರೊಬ್ಬರು, ಬೆಂಗಳೂರಿನಲ್ಲಿ ಬರೀ ಸಸ್ಪೆನ್ಷನ್ ಕೆಲಸ ಮಾತ್ರ ಮಾಡುವ ವರ್ಕ್‌ಶಾಪ್ ಇದೆಯೆಂದೂ ಅಲ್ಲಿ ಫೋರ್ಕಿನ ಒಳಗನ್ನೇ ಬದಲಿಸಿ ಸವಾರನಿಗೆ ತಕ್ಕಂತೆ ಮಾಡಿಕೊಡುತ್ತಾರೆಂದೂ ಹೇಳಿದರು. ಅಂದಾಜು ಖರ್ಚು 14,000 ರೂಪಾಯಿ.

"ಮುಂದಿನ ಚಕ್ರಕ್ಕೆ ಹದಿನಾಲ್ಕು ಸಾವಿರಾನಾ?" ಎಂದರು ಅಮ್ಮ. "ನಾವು ಎತ್ತಿನ ಗಾಡೀಲಿ ಘಾಟಿ ಜಾತ್ರೆಗೆ ಹೋಗ್ತಿದ್ವಿ. ಅದಕ್ಕೆ ಯಾವ ಸ್ಪ್ರಿಂಗಿತ್ತು? ಒಂದು ಹೊರೆ ಹುಲ್ಲು ಹಾಸಿದರೆ ಆಯ್ತು."

ಅಮ್ಮನ ಹುಲ್ಲಿನ ಮಾತಿಗೆ ಆಗ ನಕ್ಕೆವು. ಅದರಲ್ಲಿ ಎಷ್ಟು ವಿಜ್ಞಾನವಿತ್ತೆಂದು ತಿಳಿದದ್ದು ಮುಂದಿನ ವಾರ.

ದಸರಾ ರಜೆಯಾದ್ದರಿಂದ ಐದನೇ ತರಗತಿಯ ಮಗಳೂ ಹೊರಟಳು. ಅವಳನ್ನು ಬಸ್ಸಿನಲ್ಲಿ ಅವಳಮ್ಮ ಕರೆತಂದಳು, ನಾನು ಬೈಕನ್ನು ಮೆಲ್ಲಗೆ ಓಡಿಸಿಕೊಂಡು ಹೋದೆ. ನಗರದ ಉತ್ತರ ಭಾಗದ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಅಂಗಡಿ. ಒಳಗೆ ಕಾಲಿಟ್ಟರೆ ಆಸ್ಪತ್ರೆಯಷ್ಟು ಚೊಕ್ಕಟ. ಗೋಡೆಯ ಮೇಲೆ ಮರಳುಗಾಡಿನಲ್ಲಿ ಓಡುವ ಬೈಕುಗಳ ಚಿತ್ರಗಳು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೆರುವಿನಲ್ಲಿ ಅದೇ ಸಾಧನೆ ಮಾಡಿದರು. ಅಂಥ ಸವಾರರನ್ನು ನೋಡಿ ಬೆಳೆದ ಹುಡುಗರು ಈಗ ಇಂಥ ಕಡೆ ಬೈಕು ತಯಾರು ಮಾಡಿಸುತ್ತಾರಂತೆ. ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ನನಗೆ ಮಾತ್ರ ಸಂಕೋಚ. ಮರಳಿನ ದಿಬ್ಬ ಹಾರುವವರ ಅಂಗಡಿಗೆ ಹಸು ನೋಡುವವನು ಬಂದ ಹಾಗಾಯಿತಲ್ಲ!

ಅಲ್ಲಿಯ ತಜ್ಞರು ನಡುವಯಸ್ಸಿನವರು, ಮೃದು ಮಾತು. ಬೈಕು ಯಾವುದು, ಎಷ್ಟು ಕಿಲೋಮೀಟರು ಓಡಿದೆ ಎಂದು ಕೇಳಲೇ ಇಲ್ಲ. ಮೊದಲ ಪ್ರಶ್ನೆ: "ನಿಮ್ಮ ತೂಕ ಎಷ್ಟು?"

ಹೇಳಿದೆ. ನಂಬಲಿಲ್ಲ. ಮೂಲೆಯಲ್ಲಿದ್ದ ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ಹೆಲ್ಮೆಟ್ ಹಾಕಿಸಿ, ಗಮ್‌ಬೂಟು ತೊಡಿಸಿ, ಹೆಗಲಿಗೆ ಚೀಲ ಏರಿಸಿ ಇನ್ನೊಮ್ಮೆ ನಿಲ್ಲಿಸಿದರು. 93 ಕಿಲೋ. ಡಬ್ಬಿಯ ತೂಕ ಬೇರೆ, ಮಗಳ ತೂಕ ಬೇರೆ. ಯಾವ ರಸ್ತೆ, ಮಣ್ಣು ಎಷ್ಟು ಪಾಲು, ಡಾಂಬರು ಎಷ್ಟು ಪಾಲು, ಒಬ್ಬರೇ ಹೋಗುವುದು ಹೆಚ್ಚೋ ಜೊತೆಯಲ್ಲೋ ಎಲ್ಲವನ್ನೂ ಬರೆದುಕೊಂಡರು. ನನಗೆ ಹೆಣ್ಣು ಕೊಡುವಾಗ ನನ್ನ ಮಾವ ಕೂಡ ಇಷ್ಟು ವಿಚಾರಿಸಿರಲಿಲ್ಲ ಎಂದೆ. ಪಕ್ಕದಲ್ಲಿದ್ದ ಹೆಂಡತಿ, "ವಿಚಾರಿಸಬೇಕಿತ್ತು" ಎಂದಳು.

ಅವರು ನಕ್ಕು ವಿವರಿಸಿದರು. "ಕಾರ್ಖಾನೆಯವರಿಗೆ ನೀವು ಯಾರು ಅಂತ ಗೊತ್ತಿರಲ್ಲ. ಐವತ್ತೈದು ಕಿಲೋ ಇರುವ ಹುಡುಗಿಯೂ ಓಡಿಸಬೇಕು, ನಿಮ್ಮಂಥವರೂ ಓಡಿಸಬೇಕು. ಅದಕ್ಕೆ ಎಲ್ಲರಿಗೂ ಆಗುವಂಥ ಒಂದು ಸ್ಪ್ರಿಂಗ್ ಹಾಕ್ತಾರೆ. ರೆಡಿಮೇಡ್ ಅಂಗಿ ಇದ್ದ ಹಾಗೆ. ನಾವು ದರ್ಜಿಗಳು. ಅಳತೆ ತಗೊಂಡು ಹೊಲೀತೀವಿ."

ನಂತರ ನಡೆದದ್ದು ನಿಜಕ್ಕೂ ಅಳತೆಯೇ. ಫೋರ್ಕಿನ ಹೊಳೆಯುವ ಕೊಳವೆಗೆ ವೈರುಗಳನ್ನು ಕಟ್ಟುವ ಪ್ಲಾಸ್ಟಿಕ್ ಟೈ ಒಂದನ್ನು ಬಿಗಿದರು. ಬೈಕನ್ನು ಎತ್ತಿ ಚಕ್ರ ಗಾಳಿಯಲ್ಲಿ ತೇಲುವಂತೆ ಮಾಡಿ ಒಂದು ಅಳತೆ. ನಾನು ನನ್ನ ಸಾಮಾನು ಸಮೇತ ಕುಳಿತಾಗ ಒಂದು ಅಳತೆ. ಎರಡರ ವ್ಯತ್ಯಾಸವೇ ಕುಸಿತ. ಫೋರ್ಕು ಒಟ್ಟು 180 ಮಿಲಿಮೀಟರು ಮಡಚಬಲ್ಲದು. ಅದರ ಸುಮಾರು ಮೂರನೇ ಒಂದು ಪಾಲು, ಅಂದರೆ 60 ಮಿಲಿಮೀಟರಿನಷ್ಟು, ಸವಾರ ಕುಳಿತಾಗ ಬಳಕೆಯಾದರೆ ಸರಿ. ಚಕ್ರ ಹಳ್ಳಕ್ಕಿಳಿಯುವಾಗ ಕೆಳಗೆ ಚಾಚಲು ಅಷ್ಟು ಬೇಕು. ಉಳಿದದ್ದು ಉಬ್ಬು ಹತ್ತುವಾಗ ಮಡಚಲು. ನನ್ನದು ಕುಳಿತ ಕೂಡಲೇ 88 ಮಿಲಿಮೀಟರು ಕುಸಿದಿತ್ತು! ಹೊರಡುವ ಮೊದಲೇ ಅರ್ಧ ಸಂಬಳ ಖರ್ಚು ಮಾಡಿದ ಹಾಗೆ. ಅದರ ಮೇಲೆ ಬ್ರೇಕು ಹಿಡಿದರೆ ಭಾರವೆಲ್ಲ ಮುಂದಕ್ಕೆ ಬಂದು ಉಳಿದರ್ಧವೂ ಮುಗಿಯುತ್ತಿತ್ತು. ಆ ಮಧ್ಯಾಹ್ನ ಆದದ್ದು ಅದೇ.

"ನೋಡಿ ಸಾರ್, ಸಸ್ಪೆನ್ಷನ್ ಅಂದರೆ ಸೊಂಟಕ್ಕೆ ಸುಖ ಅಂದ್ಕೋತಾರೆ. ಸುಖ ಆಮೇಲೆ. ಟೈರು ನೆಲ ಬಿಡದ ಹಾಗೆ ನೋಡಿಕೊಳ್ಳೋದು ಅದರ ಮೊದಲ ಕೆಲಸ. ಟೈರು ನೆಲದ ಮೇಲಿದ್ದರೆ ತಾನೇ ಬ್ರೇಕು, ತಿರುವು ಎಲ್ಲ?" ಈ ಮಾತನ್ನು ನಾನು ಎಲ್ಲ ಬೈಕ್ ಸವಾರರಿಗೂ ಹೇಳುತ್ತಾ ಬಂದಿದ್ದೇನೆ.

ಫೋರ್ಕು ಬಿಚ್ಚಿದರು. ಹಳೆಯ ಎಣ್ಣೆ ಬೋಗುಣಿಗೆ ಸುರಿದಾಗ ಬೂದುಗಪ್ಪು ಬಣ್ಣ, ಕೊಳೆತ ಮೀನಿನಂಥ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ಹೊರತೆಗೆದ ಸ್ಪ್ರಿಂಗುಗಳನ್ನು ಅಳೆದರೆ ಹೊಸದರ ಉದ್ದಕ್ಕಿಂತ ಆರು ಮಿಲಿಮೀಟರು ಗಿಡ್ಡವಾಗಿದ್ದವು. ವಯಸ್ಸಾದ ಮೇಲೆ ನಾವೂ ಗಿಡ್ಡವಾಗುತ್ತೇವಲ್ಲ, ಹಾಗೇ.

ಇಲ್ಲಿ ಮಗಳು ಒಂದು ಪ್ರಶ್ನೆ ಕೇಳಿದಳು: "ಅಂಕಲ್, ಸ್ಪ್ರಿಂಗ್ ಇದ್ದರೆ ಸಾಕಲ್ವಾ? ಎಣ್ಣೆ ಯಾಕೆ?"

ಅವರು ಕೆಲಸ ನಿಲ್ಲಿಸಿ ಅವಳ ಕೈಗೆ ಒಂದು ಸ್ಪ್ರಿಂಗು ಕೊಟ್ಟರು. "ಒತ್ತು. ಬಿಡು." ಅದು ಚಿಮ್ಮಿತು. "ನೀನು ಕೊಟ್ಟ ಶಕ್ತಿಯನ್ನ ಅದು ಇಟ್ಕೊಳ್ಳಲಿಲ್ಲ, ವಾಪಸ್ ಕೊಟ್ಟುಬಿಡ್ತು. ರಸ್ತೆ ಹೊಡೆದ ಪೆಟ್ಟನ್ನೂ ಹಾಗೇ ವಾಪಸ್ ಕೊಡುತ್ತೆ. ಬೈಕು ಕುಣೀತಾನೇ ಇರುತ್ತೆ." ಆಮೇಲೆ ಸೂಜಿಯಿಲ್ಲದ ಒಂದು ದೊಡ್ಡ ಸಿರಿಂಜಿನಲ್ಲಿ ಎಣ್ಣೆ ತುಂಬಿ ಅವಳಿಗೆ ಕೊಟ್ಟರು. "ಈಗ ಮೆಲ್ಲಗೆ ಒತ್ತು." ಸಲೀಸಾಗಿ ಹೋಯಿತು. "ಜೋರಾಗಿ ಒತ್ತು." ಒತ್ತಿದಷ್ಟೂ ಗಟ್ಟಿ. ಹೋಳಿಯ ಪಿಚಕಾರಿ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ. ಸಣ್ಣ ತೂತಿನಲ್ಲಿ ಎಣ್ಣೆ ನುಸುಳುವಾಗ ಉಜ್ಜಿಕೊಂಡು ಬಿಸಿಯಾಗುತ್ತದೆ. ರಸ್ತೆಯ ಪೆಟ್ಟು ಹಾಗೆ ಶಾಖವಾಗಿ ಕರಗಿಹೋಗುತ್ತದೆ. ಸ್ಪ್ರಿಂಗು ಪೆಟ್ಟನ್ನು ಹಿಡಿದುಕೊಳ್ಳುತ್ತದೆ, ಎಣ್ಣೆ ಅದನ್ನು ನುಂಗುತ್ತದೆ.

ನನಗೆ ಥಟ್ಟನೆ ಅಮ್ಮನ ಹುಲ್ಲು ನೆನಪಾಯಿತು. ಗಾಡಿಯಲ್ಲಿ ಹಾಸಿದ ಹುಲ್ಲು ಮಡಚುತ್ತದೆ, ಆದರೆ ಸ್ಪ್ರಿಂಗಿನ ಹಾಗೆ ಚಿಮ್ಮುವುದಿಲ್ಲ. ಕಡ್ಡಿಗೆ ಕಡ್ಡಿ ಉಜ್ಜಿ ಪೆಟ್ಟು ಅಲ್ಲೇ ಮುಗಿಯುತ್ತದೆ. ಫೋರ್ಕಿನೊಳಗಿನ ಎಣ್ಣೆ ಮಾಡುವುದು ಆ ಹುಲ್ಲಿನ ಕೆಲಸ. ಹೇಳಿದೆ. ತಜ್ಞರು ಜೋರಾಗಿ ನಕ್ಕು, "ನಿಮ್ಮ ಅಮ್ಮನ್ನ ಇಲ್ಲಿ ಕೆಲಸಕ್ಕೆ ಕಳಿಸಿ" ಎಂದರು.

ಎಣ್ಣೆ ತುಂಬಿದ ಫೋರ್ಕು ಇಂದು ನಿನ್ನೆಯದಲ್ಲ. ಮೊದಲಿನ ಬೈಕುಗಳಲ್ಲಿ ಮುಂದೆ ಸರಳುಗಳ ಚೌಕಟ್ಟಿಗೆ ಒಂದು ಸ್ಪ್ರಿಂಗು ಸಿಕ್ಕಿಸಿರುತ್ತಿತ್ತು. 1935ರಲ್ಲಿ ಜರ್ಮನಿಯ ಬಿಎಂಡಬ್ಲ್ಯು ಕಂಪನಿ ತನ್ನ ಬೈಕುಗಳಿಗೆ ಎಣ್ಣೆಯ ತಡೆಯಿರುವ, ಒಂದರೊಳಗೊಂದು ಜಾರುವ ಕೊಳವೆಗಳ ಫೋರ್ಕನ್ನು ತೊಡಿಸಿತು. ದೂರದರ್ಶಕದ ಹಾಗೆ ಉದ್ದ, ಗಿಡ್ಡ ಆಗುವುದರಿಂದ ಟೆಲಿಸ್ಕೋಪಿಕ್ ಎಂಬ ಹೆಸರು. ನಮ್ಮ ಮೈಸೂರಿನಲ್ಲಿ 1961ರಿಂದ ತಯಾರಾದ ಜಾವಾ, ಆಮೇಲಿನ ಯೆಜ್ಡಿಗಳ ಮುಂದೆಯೂ ಅದೇ ಜಾತಿಯ ಫೋರ್ಕು. 1996ರಲ್ಲಿ ಆ ಕಾರ್ಖಾನೆ ಮುಚ್ಚಿದರೂ ನಮ್ಮ ತಂದೆಯ ಯೆಜ್ಡಿ ಮುಚ್ಚಲಿಲ್ಲ. ಡೇರಿಗೆ ಎರಡು ಕ್ಯಾನು ಹಾಲು ಕಟ್ಟಿಕೊಂಡು ಮತ್ತೂ ಹತ್ತು ವರ್ಷ ಓಡಿತು. ಭಾರ ಹೊತ್ತು ಓಡುವುದು ನಮ್ಮ ಮನೆಯ ಬೈಕುಗಳ ಹಣೆಬರಹ ಎಂದು ತಂದೆ ಹೇಳುತ್ತಿದ್ದರು.

ಮತ್ತೆ ವರ್ಕ್‌ಶಾಪಿಗೆ ಬರೋಣ. ನನಗೆಂದು ಆರಿಸಿದ ಸ್ಪ್ರಿಂಗಿನ ಮೇಲೆ 0.75 ಎಂದು ಬರೆದಿತ್ತು. ಅದನ್ನು ಒಂದು ಮಿಲಿಮೀಟರು ಒತ್ತಲು 750 ಗ್ರಾಂ ಭಾರ ಬೇಕೆಂದು ಅರ್ಥ. ಎರಡು ಕಾಲಿಗೆ ಎರಡು ಸ್ಪ್ರಿಂಗು, ಒಟ್ಟು ಒಂದೂವರೆ ಕಿಲೋ. ಹಾಗಾದರೆ ಮುಂಭಾಗಕ್ಕೆ ನೂರು ಕಿಲೋ ಬಿದ್ದರೆ ಎಷ್ಟು ಕುಸಿಯುತ್ತದೆ? ಮಗಳು ಅಲ್ಲೇ ಬೆರಳು ಮಡಚಿ, 66 ಚಿಲ್ಲರೆ ಎಂದಳು. ಜೋಡಿಸುವಾಗ ಸ್ಪ್ರಿಂಗನ್ನು ಸ್ವಲ್ಪ ಮೊದಲೇ ಒತ್ತಿಟ್ಟಿರುತ್ತಾರೆ, ಅದನ್ನು ಕಳೆಯಬೇಕು ಎಂದು ತಿದ್ದಿದರು. ಶಾಲೆಯಲ್ಲಿ ಭಾಗಾಕಾರ ಎಂದರೆ ಹೊಟ್ಟೆನೋವು ಬರುವ ಹುಡುಗಿ ಇವಳೇನಾ ಎಂದು ಅವಳಮ್ಮ ನೋಡುತ್ತಿದ್ದಳು.

ಇನ್ನೊಂದು ಪುಟ್ಟ ಭಾಗವನ್ನು ಹೊಸದಾಗಿ ಸೇರಿಸಿದರು. ಹೆಬ್ಬೆರಳ ಗಾತ್ರದ ಒಂದು ಕವಾಟ. ಹಳೆಯ ಫೋರ್ಕಿನಲ್ಲಿ ಎಣ್ಣೆ ನುಸುಳಲು ಕೊಳವೆಯಲ್ಲಿ ಕೊರೆದ ತೂತುಗಳು ಮಾತ್ರ. ತೂತು ಹಿಗ್ಗದು, ಕುಗ್ಗದು. ಬ್ರೇಕು ಹಿಡಿದಾಗ ಫೋರ್ಕು ಮೆಲ್ಲಗೆ ಕುಸಿಯುವುದರಿಂದ ಎಣ್ಣೆ ಸುಲಭವಾಗಿ ನುಸುಳಿ ತಡೆಯೇ ಇಲ್ಲದಂತಾಗುತ್ತದೆ. ಚೂಪಾದ ಉಬ್ಬಿಗೆ ಬಡಿದಾಗ ಫೋರ್ಕು ಥಟ್ಟನೆ ಮಡಚಬೇಕು. ಆಗ ಅಷ್ಟು ಎಣ್ಣೆ ಆ ಸಣ್ಣ ತೂತಲ್ಲಿ ಹೋಗಲಾರದೆ ಫೋರ್ಕು ಕಲ್ಲಾಗಿ ಪೆಟ್ಟು ಮುಂಗೈಗೆ ಬರುತ್ತದೆ. ಬೇಕಾದಾಗ ಮೆದು, ಬೇಡವಾದಾಗ ಗಟ್ಟಿ! ಹೊಸ ಕವಾಟಕ್ಕೆ ಒಂದು ಪುಟ್ಟ ಸ್ಪ್ರಿಂಗಿನ ಬಾಗಿಲಿದೆ. ಎಣ್ಣೆ ಮೆಲ್ಲಗೆ ಒತ್ತಿದರೆ ಬಾಗಿಲು ಮುಚ್ಚಿದ್ದು ತಡೆಯುತ್ತದೆ. ಜೋರಾಗಿ ನುಗ್ಗಿದರೆ ತೆರೆದು ದಾರಿ ಬಿಡುತ್ತದೆ. ಈ ಬಾಗಿಲೇ ಕೆಲಸ ಮಾಡಲೆಂದು ಹಳೆಯ ತೂತುಗಳನ್ನು ಹಿಗ್ಗಿಸಿದರು. ಕೆರೆಯ ಕೋಡಿಯನ್ನು ನೋಡಿದವರಿಗೆ ಇದು ಹೊಸದಲ್ಲ. ನೀರು ಹದದಲ್ಲಿದ್ದಾಗ ಏರಿ ತಡೆದು ನಿಲ್ಲಿಸುತ್ತದೆ, ಮೇರೆ ಮೀರಿದ ನೀರಿಗೆ ಕೋಡಿ ದಾರಿ ಕೊಡುತ್ತದೆ. ಕೋಡಿ ಇಲ್ಲದಿದ್ದರೆ ಏರಿಯೇ ಒಡೆಯುತ್ತದೆ.

ಕೊಳವೆಗಳನ್ನು ಎರಡು ಕವೆಗಳ ಮೇಲಿಟ್ಟು ಉರುಳಿಸಿ, ಡಯಲು ನೋಡಿ, ಬಾಗಿಲ್ಲವೆಂದು ಖಾತ್ರಿ ಮಾಡಿಕೊಂಡರು. ಸೀಲು, ಬುಷ್ ಹೊಸದು. ಎಣ್ಣೆಯನ್ನು ಲೀಟರ್ ಲೆಕ್ಕದಲ್ಲಿ ಸುರಿದು ಬಿಡಲಿಲ್ಲ. ಸ್ಪ್ರಿಂಗು ತೆಗೆದು, ಕೊಳವೆ ಪೂರ್ತಿ ಒತ್ತಿ, ಮೇಲಿನ ಅಂಚಿನಿಂದ ಎಣ್ಣೆಯ ಮಟ್ಟಕ್ಕೆ ಎಷ್ಟು ಅಂತರವೆಂದು ಅಳತೆಪಟ್ಟಿ ಹಿಡಿದು, ಎರಡೂ ಕಾಲಿನಲ್ಲಿ ಒಂದೇ ಮಟ್ಟ ಬರುವವರೆಗೆ ಸಿರಿಂಜಿನಿಂದ ಹೀರಿದರು. ಎಣ್ಣೆಯ ಮೇಲಿರುವ ಗಾಳಿಯೂ ಒಂದು ಸ್ಪ್ರಿಂಗೇ ಅಂತೆ. ಕೊನೆಯ ಹಂತದಲ್ಲಿ ಫೋರ್ಕು ತಳಕ್ಕೆ ಬಡಿಯದಂತೆ ಅದು ಹಿಡಿಯುತ್ತದೆ. ಚಕ್ರ ಕೂರಿಸಿದ ಮೇಲೆ ಆಕ್ಸಲ್‌ನ ಬೋಲ್ಟನ್ನು ಬಿಗಿಯುವ ಮೊದಲು ಹ್ಯಾಂಡಲು ಹಿಡಿದು ಏಳೆಂಟು ಸಲ ಒತ್ತಿ ಬಿಟ್ಟರು. ಎರಡು ಕಾಲೂ ತಮ್ಮ ಜಾಗ ತಾವು ಕಂಡುಕೊಳ್ಳಲಿ ಎಂದು.

ಮತ್ತೆ ಕೂರಿಸಿ ಅಳೆದರು: 61 ಮಿಲಿಮೀಟರು. ಮಗಳು ಚಪ್ಪಾಳೆ ತಟ್ಟಿದಳು.

ಹೊರಡುವಾಗ ಅವರು ಹೇಳಿದ ಮಾತು: "ಇದು ಜೋರಾಗಿ ಓಡಿಸೋಕೆ ಅಲ್ಲ. ನಿಮ್ಮ ವೇಗ ಮೊದಲಿನಷ್ಟೇ ಇರಲಿ. ನಿಲ್ಲಿಸುವಾಗ ಬೈಕು ನಿಮ್ಮ ಮಾತು ಕೇಳುತ್ತೆ, ಅಷ್ಟೇ."

ವಾಪಸು ಬರುವಾಗ ಮೊದಲ ಅರ್ಧ ಗಂಟೆ ನನಗೆ ಸ್ವಲ್ಪ ನಿರಾಸೆ. ಹದಿನಾಲ್ಕು ಸಾವಿರಕ್ಕೆ ಬೈಕು ಮೋಡದ ಮೇಲೆ ತೇಲಬೇಕಲ್ಲವೆ? ಬದಲಿಗೆ ಮೊದಲಿಗಿಂತ ಸ್ವಲ್ಪ ಬಿಗಿ ಎನಿಸಿತು. ದಾರಿಯಲ್ಲಿ ಮುಂದಿನ ಟ್ಯಾಂಕರು ಹಠಾತ್ತನೆ ನಿಂತಿತು. ನಾನೂ ಬ್ರೇಕು ಹಿಡಿದೆ. ನಮಸ್ಕಾರವಿಲ್ಲ! ಬೈಕು ತಲೆ ಸ್ವಲ್ಪ ತಗ್ಗಿಸಿ, ಟೈರು ನೆಲ ಕಚ್ಚಿ, ನೇರ ನಿಂತಿತು. ರಸ್ತೆಯಲ್ಲಿ ಅಲ್ಲೊಂದು ತೇಪೆ ಇತ್ತು. ಬ್ರೇಕು ಹಿಡಿದಿದ್ದಾಗಲೇ ಚಕ್ರ ಅದರ ಮೇಲೆ ಹತ್ತಿ ಇಳಿಯಿತು, ಕೈಗೆ ತಿಳಿಯಿತು ಅಷ್ಟೇ. ಹೆಲ್ಮೆಟ್ಟಿನೊಳಗೆ ಒಬ್ಬನೇ ಗಟ್ಟಿಯಾಗಿ ಉಸಿರು ಬಿಟ್ಟೆ.

ಮನೆಯಲ್ಲಿ ಅಮ್ಮನಿಗೆ ಎಣ್ಣೆಯ ಕತೆ ಹೇಳಿದೆವು. ಸ್ಪ್ರಿಂಗು ಚಿಮ್ಮುವುದನ್ನು ಎಣ್ಣೆ ನಿಧಾನ ಮಾಡುತ್ತದೆ ಎಂದಾಗ ಅವರು, "ಹಾಗಾದರೆ ಅದು ನಮ್ಮ ದೇವರ ಕೆಲಸ" ಎಂದರು. ಶನೈಶ್ಚರ ಎಂದರೆ ಮೆಲ್ಲನೆ ನಡೆಯುವವನು ಎಂದೇ ಅರ್ಥ. ಆಕಾಶದಲ್ಲಿಯೂ ಹಾಗೇ: ಶನಿಗ್ರಹಕ್ಕೆ ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಶನಿ ಎಂದರೆ ಹೆದರುವವರೇ ಹೆಚ್ಚು. ಅವನ ಊರಿನ ಪಕ್ಕದಲ್ಲೇ ಬದುಕಿದ ಅಮ್ಮನಿಗೆ ಆ ನಿಧಾನದ ಮೇಲೆ ಪ್ರೀತಿ. ಮುಂದಿನ ಶನಿವಾರ ಅವರೇ ಬೈಕಿನ ಹಿಂದೆ ಕುಳಿತು ದೇವಸ್ಥಾನಕ್ಕೆ ಬಂದರು. ಎರಡು ವರ್ಷದಿಂದ ಸೊಂಟನೋವಿಗೆ ಹೆದರಿ ಬೈಕು ಹತ್ತಿರಲಿಲ್ಲ. ಇಳಿದ ಮೇಲೆ ಹದಿನಾಲ್ಕು ಸಾವಿರದ ಮಾತು ಎತ್ತಲಿಲ್ಲ. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯ ಲಕ್ಷಣ.

ಇದನ್ನು ಓದಿ ಎಲ್ಲರೂ ಇಂಥ ವರ್ಕ್‌ಶಾಪಿಗೆ ಓಡಬೇಕಿಲ್ಲ. ನಿಮ್ಮ ತೂಕ ಸಾಧಾರಣವಾಗಿದ್ದು, ಒಳ್ಳೆಯ ರಸ್ತೆಯಲ್ಲಿ ಓಡಾಡುವವರಾದರೆ ಕಂಪನಿ ಕೊಟ್ಟದ್ದೇ ಸಾಕು. ಆದರೆ ಮೂರು ಕೆಲಸ ಎಲ್ಲರೂ ಮಾಡಬಹುದು. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಾಣುತ್ತದೆಯೇ ನೋಡಿ. ಕಂಡರೆ ಸೀಲು ಹೋಗಿದೆ, ಎಣ್ಣೆ ಬ್ರೇಕಿನ ಡಿಸ್ಕಿಗೆ ತಗುಲುವ ಮೊದಲು ಸರಿಮಾಡಿಸಿ. ಎಂಜಿನ್ ಎಣ್ಣೆಯನ್ನು ನೆನಪಿಟ್ಟು ಬದಲಿಸುವವರು ಫೋರ್ಕಿನ ಎಣ್ಣೆಯನ್ನು ಮರೆತುಬಿಡುತ್ತಾರೆ. ಬೈಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಅವಧಿಗೆ ಬದಲಿಸಿ. ಟೈರಿನ ಗಾಳಿ ಸರಿಯಿರಲಿ, ರಸ್ತೆಯ ಪೆಟ್ಟು ಮೊದಲು ಮುಟ್ಟುವುದು ಅದನ್ನೇ. ಹಾಗೆಯೇ, ಒಳಗೆ ವಾಷರು ತುರುಕಿ, ಕಂಡ ಎಣ್ಣೆ ಸುರಿದು "ಟೈಟ್ ಮಾಡಿಕೊಡುತ್ತೇನೆ" ಎನ್ನುವವರು ಸಿಗುತ್ತಾರೆ. ನಿಮ್ಮ ತೂಕ ಕೇಳದವರ ಕೈಗೆ ಫೋರ್ಕು ಕೊಡಬೇಡಿ.

ನನ್ನ ಡಬ್ಬಿ ಈಗ ಕಡಿಮೆ ಚೆಲ್ಲುತ್ತದೆ. ಸಂಜೆ ಮುಂಗೈ ಜುಮುಗುಡುವುದಿಲ್ಲ. ಮಗಳು ಮತ್ತೆ ಹಿಂದಿನ ಸೀಟಿಗೆ ಬಂದಿದ್ದಾಳೆ, ಅವಳಮ್ಮನ ಒಪ್ಪಿಗೆ ಪಡೆದೇ.

ಆ ಪ್ಲಾಸ್ಟಿಕ್ ಟೈಯನ್ನು ತಜ್ಞರು ಬಿಚ್ಚದೆ ಹಾಗೇ ಬಿಟ್ಟಿದ್ದರು. ಫೋರ್ಕು ಮಡಚಿದಾಗ ಅದು ಮೇಲಕ್ಕೆ ತಳ್ಳಿಕೊಂಡು ಹೋಗಿ ಅಲ್ಲೇ ನಿಲ್ಲುತ್ತದೆ. ಎಷ್ಟು ಮೇಲಿದೆಯೋ ಅದು ಆ ಪಯಣದ ಅತಿ ದೊಡ್ಡ ಪೆಟ್ಟು. ಮಗಳು ಅದಕ್ಕೊಂದು ನೋಟ್‌ಬುಕ್ಕು ಮಾಡಿದಳು. ಮನೆಯಿಂದ ಡೇರಿ: 104. ಡೇರಿಯಿಂದ ಕೆರೆ ಏರಿ: 127. ಪ್ರತಿ ನಿಲ್ದಾಣದಲ್ಲೂ ಇಳಿದು, ಸ್ಕೇಲು ಹಿಡಿದು ಬರೆದು, ಟೈಯನ್ನು ಕೆಳಕ್ಕೆ ತಳ್ಳಿ ಮತ್ತೆ ಹತ್ತುತ್ತಾಳೆ. ಅವಳ ಪುಸ್ತಕದಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ 171. ಅದು ಪಕ್ಕದ ಹಳ್ಳಿಯ ಅಂಗನವಾಡಿ ಮುಂದಿನ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಲ್ಲಿ ರಸ್ತೆಯುಬ್ಬು ಹತ್ತು ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ಗಂಟೆಗೆ 25 ಕಿಲೋಮೀಟರು ವೇಗದಲ್ಲಿ ಬರುವವರು ತೊಂದರೆಯಿಲ್ಲದೆ ದಾಟುವಂತೆ. ಇದು ಅಗಲದಲ್ಲಿ ಒಂದು ಮಾರೂ ಇಲ್ಲ. ಮಳೆಗೆ ಬಣ್ಣ ತೊಳೆದುಹೋಗಿ, ಮರದ ನೆರಳಿನಲ್ಲಿ ಹತ್ತಿರ ಬರುವವರೆಗೂ ಕಾಣುತ್ತಲೂ ಇರಲಿಲ್ಲ.

ಒಂದು ಭಾನುವಾರ ಆ ಹಳ್ಳಿಯ ಹುಡುಗರೊಂದಿಗೆ ಸೇರಿ ಒಂದು ಬಕೆಟ್ ಸುಣ್ಣ ಕಲಸಿ ಉಬ್ಬಿನ ಮೇಲೆ ಮೂರು ಪಟ್ಟೆ ಎಳೆದೆವು. ಚೆಂಡಿನ ಹಿಂದೆ ಓಡಿಬಂದಿದ್ದ ಮಗು ಕೂಡ ಬ್ರಷ್ಷು ಬೇಕೆಂದು ಹಟ ಮಾಡಿ ಮೈಯೆಲ್ಲ ಬಿಳಿ ಮಾಡಿಕೊಂಡಿತು. ಪಟ್ಟೆ ಒಣಗಿದ ಮೇಲೆ ಬಂದ ಮೊದಲ ಲಗ್ಗೇಜ್ ಆಟೊ ದೂರದಿಂದಲೇ ಗೇರು ಇಳಿಸಿತು. ಸೋಮವಾರ ನಾವು ಹಾದುಹೋದಾಗ ಮಗಳು ಇಳಿದು ಅಳೆದಳು: 112. ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದಳು. ಆಮೇಲೆ ಪುಸ್ತಕ ತಿರುವಿ, "ಅಪ್ಪಾ, ನೂರೈವತ್ತರ ಮೇಲಿರೋದು ಇನ್ನೂ ನಾಲ್ಕಿದೆ. ಸುಣ್ಣ ಮಿಕ್ಕಿದೆಯಾ?" ಎಂದು ಕೇಳಿದಳು.